ಶಾಮಿಯಾನದ ವ್ಯಾನು, ಎರಡು ನಾಯಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಯಿಗಳನ್ನು ನಡೆದಾಡಿಸಲು ಅಸೋಸಿಯೇಷನ್ನಿನವರು ಗೊತ್ತುಮಾಡಿದ ಜಾಗ ಹಿಂಬದಿಯ ಕಾಂಪೌಂಡಿಗೂ ಟ್ರಾನ್ಸ್‌ಫಾರ್ಮರಿಗೂ ನಡುವಿನ ಒಂದು ಸಿಮೆಂಟಿನ ಓಣಿ. ಅದರ ಒಂದು ತುದಿಗೆ ಕಸದ ಕೋಣೆ, ಇನ್ನೊಂದು ತುದಿಗೆ ಜನರೇಟರು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಹತ್ತಿ ಇಳಿಯಲು ಕಸ ಸಾಗಿಸುವ ಲಿಫ್ಟು. ಈ ನಿಯಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಸಂಜೆ ನಾನು ಅದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, "ಆ ಓಣ್ಯಾಗ ತಮ್ಮ ಮಕ್ಕಳನ್ನ ಆಡಾಕ ಬಿಡ್ತಾರೇನು, ಕೇಳು ಅವರನ್ನ" ಎಂದಳು.

ನಾನು ಕೇಳಿದೆ. ಗುಂಪಿನಲ್ಲೇ ಬರೆದೆ. ಯಾರೋ ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು.

ತಣಿಸಂದ್ರದ ಈ ಆರನೇ ಮಹಡಿಯ ಮನೆಯಲ್ಲಿ ಇರುವವರು ನಾನು, ಅಕ್ಕ ಮತ್ತು ಎರಡು ಹೆಣ್ಣು ನಾಯಿಗಳು. ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಮದುವೆಯಾಗಿಲ್ಲ, ಯಾಕೆ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ಅರವತ್ತು ದಾಟಿದವಳು. ಅವಳನ್ನು ಗದಗದ ಕಡೆ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಹೊಲವನ್ನು ಮೈದುನನಿಗೆ ಗೇಣಿಗೆ ಬಿಟ್ಟು ನನ್ನ ಹತ್ತಿರ ಬಂದಳು. ಬರುವಾಗಲೇ ಮೊಣಕಾಲು ಹಿಡಿದಿದ್ದವು. ಮನೆಯೊಳಗೆ ಓಡಾಡುತ್ತಾಳೆ, ಮಾರುಕಟ್ಟೆಯವರೆಗೆ ನಡೆಯುವುದಾಗುವುದಿಲ್ಲ.

ನಾಯಿಗಳಿಗೆ ಡಾಕ್ಟರರ ಕಾರ್ಡಿನಲ್ಲಿ ಒಳ್ಳೊಳ್ಳೆಯ ಹೆಸರುಗಳಿವೆ. ಮನೆಯಲ್ಲಿ ಮಾತ್ರ ಅಕ್ಕ ಕರೆದದ್ದೇ ಹೆಸರು, ದೊಡ್ಡಾಕಿ ಮತ್ತು ಸಣ್ಣಾಕಿ. ದೊಡ್ಡಾಕಿ ಮುಧೋಳದ ತಳಿ. ನಮ್ಮ ಸಂಬಂಧಿಯೊಬ್ಬರು ಕೇಳದೆಯೇ ತಂದುಕೊಟ್ಟ ಉಡುಗೊರೆ. ಉದ್ದ ಮೂತಿ, ಉದ್ದ ಕಾಲು, ಬೆನ್ನಿಗೆ ಅಂಟಿದಂಥ ಹೊಟ್ಟೆ. ನಿಂತರೆ ಯಾವುದೋ ಅರಸರ ಮನೆಯಿಂದ ದಾರಿ ತಪ್ಪಿ ಬಂದವಳ ಹಾಗೆ ಕಾಣುತ್ತಾಳೆ. ಸಣ್ಣಾಕಿ ಮಳೆಗಾಲದ ಒಂದು ಸಂಜೆ ಮುಖ್ಯರಸ್ತೆಯಲ್ಲಿ ನಿಂತಿದ್ದ ಲಾರಿಯ ಕೆಳಗೆ ಕೂಗುತ್ತಿದ್ದ ಮರಿ. ಕಪ್ಪು ಮೈ, ಕುಳ್ಳ ಕಾಲು, ಜಗತ್ತೆಲ್ಲ ತನ್ನದೇ ಎನ್ನುವ ಧೈರ್ಯ.

ಈ ಮನೆ ಕೊಂಡಾಗ ನಮ್ಮ ಹಿಂದೆ ಬಯಲಿತ್ತು. ಕೋಗಿಲು ಕಡೆಗೆ ಹೋಗುವ ಒಂದು ಮಣ್ಣಿನ ಹಾದಿ, ಅದರ ಆಚೀಚೆ ಹುರುಳಿ ಹೊಲ, ಒಂದಿಷ್ಟು ನೀಲಗಿರಿ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಇಬ್ಬರನ್ನೂ ಕರೆದುಕೊಂಡು ಅಲ್ಲಿ ಸುತ್ತಿ ಬರುತ್ತಿದ್ದೆ. ಆಮೇಲೆ ಹುರುಳಿ ಹೊಲದ ಸುತ್ತ ನೀಲಿ ತಗಡಿನ ಬೇಲಿ ಎದ್ದಿತು, ಅದರೊಳಗಿಂದ ಕ್ರೇನು ತಲೆಯೆತ್ತಿತು. ಹತ್ತಿರದ ಕೆರೆಗೆ ಹೋದೆ. ಅಲ್ಲಿ ವಾಕಿಂಗ್ ಟ್ರ್ಯಾಕ್ ಮಾಡಿ, ಗೇಟು ಹಾಕಿ, ನಾಯಿಗಳಿಗೆ ಪ್ರವೇಶವಿಲ್ಲ ಎಂದು ಬೋರ್ಡು ತೂಗುಹಾಕಿದರು. ಉಳಿದದ್ದು ರಸ್ತೆ. ಆ ರಸ್ತೆಯಲ್ಲಿ ನೀರಿನ ಟ್ಯಾಂಕರು, ಕಾಂಕ್ರೀಟ್ ಲಾರಿಗಳ ನಡುವೆ ಮನುಷ್ಯರು ನಡೆಯುವುದೇ ಕಷ್ಟ. ಒಮ್ಮೆ ಬೈಕೊಂದು ಫುಟ್‌ಪಾತಿನ ಮೇಲೆ ಹತ್ತಿ ಸಣ್ಣಾಕಿಯ ಬಾಲವನ್ನು ಸವರಿಕೊಂಡು ಹೋಯಿತು. ಅಂದಿನಿಂದ ಅವಳು ಗೇಟಿನ ಹೊರಗೆ ಕಾಲಿಡಲು ಒಲ್ಲೆ ಎನ್ನತೊಡಗಿದಳು. ಅವಳಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

ದೊಡ್ಡಾಕಿಯದು ಬೇರೆ ತೊಂದರೆ. ಅವಳು ಹಾಲ್‌ನಲ್ಲಿ ಸೋಫಾ ಸುತ್ತ ಸುತ್ತತೊಡಗಿದಳು. ಸುತ್ತಿ ಸುತ್ತಿ ನಿಲ್ಲುವಳು, ತನ್ನ ಮುಂಗಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುವಳು. ಡಾಕ್ಟರರು ಕಾಲಿಗೆ ಮುಲಾಮು ಬರೆದುಕೊಟ್ಟು, "ಕಾಲಲ್ಲಿ ಏನಿಲ್ಲ ಮೇಡಂ. ಇದು ಓಡೋ ನಾಯಿ. ಎಲ್ಲಾದ್ರೂ ಕರ್ಕೊಂಡ್ಹೋಗಿ ಓಡ್ಸಿ" ಎಂದರು.

ಊರ ಹೊರಗೆ ಹೋಗಬೇಕು ಎಂದು ಒಂದು ಭಾನುವಾರ ಹೊರಟೇಬಿಟ್ಟೆವು. ಅಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಫೋನಿನಲ್ಲಿ ಕ್ಯಾಬ್ ಕರೆದೆ. ನಾಯಿ ಇದೆ ಎಂದಕೂಡಲೇ ಕ್ಯಾನ್ಸಲ್. ಇನ್ನೊಂದು ಕರೆದೆ, ನಾಯಿಯ ವಿಷಯ ಹೇಳಲಿಲ್ಲ. ಕಾರು ಬಂತು, ಡ್ರೈವರು ಗಾಜಿನೊಳಗಿಂದಲೇ ದೊಡ್ಡಾಕಿಯನ್ನು ನೋಡಿ ನಿಲ್ಲಿಸದೆ ಮುಂದೆ ಹೋದ. ಆಟೋದವನೊಬ್ಬ ನಿಲ್ಲಿಸಿದ. "ನಾಯಿನಾ ಮೇಡಂ? ಬೇಡ ಬಿಡಿ, ಸೀಟ್ ಹರಿದಾಕ್ಬಿಡುತ್ತೆ" ಎಂದು ಅವನೂ ಹೋದ. ಗೇಟಿನ ಮುಂದೆ ಬುತ್ತಿ ಹಿಡಿದುಕೊಂಡು, ಎರಡು ನಾಯಿಗಳ ಜೊತೆ ನಾವಿಬ್ಬರು ಹೆಂಗಸರು ನಿಂತೇ ಇದ್ದೆವು. ಸೆಕ್ಯೂರಿಟಿಯವರು ಕುರ್ಚಿ ತಂದು ಅಕ್ಕನನ್ನು ಕೂರಿಸಿದರು. ಬಿಸಿಲೇರಿತು. ಮನೆಗೆ ವಾಪಸು ಬಂದು ಅದೇ ರೊಟ್ಟಿಯನ್ನು ಊಟದ ಮೇಜಿನ ಮೇಲೆ ಬಿಚ್ಚಿದೆವು.

ಅಕ್ಕ ಒಂದು ತುತ್ತು ಬಾಯಿಗಿಟ್ಟು, "ನಮ್ದ ಒಂದ್ ಗಾಡಿ ತಗೊಳ್ಳೂಣು" ಎಂದಳು.

"ತಗೊಂಡು? ಯಾರು ಓಡಿಸೋರು? ನನಗೆ ಸೈಕಲ್ ಕೂಡ ಬರಲ್ಲ."

"ನಾ ಓಡಸ್ತೀನಿ."

ನಾನು ನಗಲಿಲ್ಲ, ಆದರೆ ಮುಖದಲ್ಲಿ ಏನೋ ಕಂಡಿರಬೇಕು. ಅವಳು ತಟ್ಟೆ ಆಚೆ ಸರಿಸಿದಳು. "ಅವರಿಗೆ ಎದಿನೋವು ಸುರು ಆದ ಮ್ಯಾಲೆ ನಮ್ಮ ಹೊಲದಾಗ ಟ್ರ್ಯಾಕ್ಟರ್ ಯಾರು ಹೊಡದ್ರು ಅಂತ ತಿಳದೀ? ಬಿತ್ತೂದು, ರಂಟಿ ಹೊಡಿಯೂದು ಎಲ್ಲಾ ನಾನ ಮಾಡೀನಿ. ಅವರನ್ನ ದವಾಖಾನಿಗೆ ಕರ್ಕೊಂಡು ಹೋಗಾಕ ಜೀಪೂ ಹೊಡದೀನಿ. ಲೈಸನ್ಸ್ ಐತಿ."

"ಮತ್ತೆ ನಮಗ್ಯಾರಿಗೂ ಹೇಳಲೇ ಇಲ್ಲವಲ್ಲ."

"ಅವ್ವಗ ಹೇಳಿದ್ರ ಬೈತಿದ್ಲು. ಇಲ್ಲಿ ಬಂದ ಮ್ಯಾಲೆ ಯಾರೂ ಕೇಳಲಿಲ್ಲ."

ಒಳಗೆ ಹೋಗಿ ಟ್ರಂಕಿನಿಂದ ಲೈಸನ್ಸು ತಂದು ಮೇಜಿನ ಮೇಲಿಟ್ಟಳು. ಅವಧಿ ಮುಗಿದು ವರ್ಷಗಳಾಗಿದ್ದವು. ಫೋಟೋದಲ್ಲಿ ತಲೆಯ ಮೇಲೆ ಸೆರಗು, ಹಣೆಯಲ್ಲಿ ದೊಡ್ಡ ಕುಂಕುಮ. ಇದೇ ಮನೆಯಲ್ಲಿ ವರ್ಷಗಟ್ಟಲೆ ನನ್ನ ಜೊತೆ ಕೂತು ಉಂಡವಳನ್ನು ನಾನು ಅಂದು ಹೊಸದಾಗಿ ನೋಡಿದೆ. ಸ್ವಲ್ಪ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಲೈಸನ್ಸಿಗೆ ಮತ್ತೆ ಪರೀಕ್ಷೆ ಕೊಡಬೇಕಾಯಿತು. ಅದಕ್ಕೆ ಮುಂಚೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೆಲವು ದಿನ ಕೈ ಹದ ಮಾಡಿಕೊಂಡಳು. ಕ್ಲಚ್ಚು ತುಳಿಯುವಾಗ ಎಡ ಮೊಣಕಾಲು ನೋಯುತ್ತಿತ್ತು. ಸಂಜೆ ಬಂದು ಎಣ್ಣೆ ಹಚ್ಚಿಕೊಂಡು, ಮರುದಿನ ಮತ್ತೆ ಹೋಗುವಳು. ಪರೀಕ್ಷೆಯ ದಿನ ಮೈದಾನದಲ್ಲಿ ಅಧಿಕಾರಿ ಅವಳನ್ನು ನೋಡಿ, "ಏನಮ್ಮಾ, ಮಗನ್ ಜೊತೆ ಬಂದಿದೀರಾ?" ಎಂದು ಕೇಳಿದರು.

"ಮಗ ಇಲ್ರೀ. ಪರೀಕ್ಷಾ ನಂದು," ಎಂದು ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾರು ಹತ್ತಿದಳು. ಎಂಟರ ಆಕಾರದಲ್ಲಿ ನೆಟ್ಟ ಕಂಬಗಳ ನಡುವೆ ಒಂದಕ್ಕೂ ತಾಗಿಸದೆ ಸುತ್ತಿ ಬಂದಳು. ರಿವರ್ಸ್ ತೆಗೆಯುವಾಗ ಮಾತ್ರ ಅಭ್ಯಾಸಬಲದಿಂದ ಬಾಗಿಲು ತೆರೆದು ತಲೆ ಹೊರಗೆ ಹಾಕಿ ನೋಡಿದಳು. "ಟ್ರ್ಯಾಕ್ಟರ್ ಕೈ," ಎಂದು ಅಧಿಕಾರಿ ಸಹಿ ಹಾಕಿದರು.

ಗಾಡಿ ಸಿಕ್ಕಿದ್ದು ಆರ್.ಟಿ. ನಗರದಲ್ಲಿ. ಶಾಮಿಯಾನ ಬಾಡಿಗೆಗೆ ಕೊಡುವ ಸಾಹೇಬರೊಬ್ಬರು ದೊಡ್ಡ ಟೆಂಪೋ ಕೊಂಡು ತಮ್ಮ ಹಳೇ ವ್ಯಾನನ್ನು ಮಾರಲು ಇಟ್ಟಿದ್ದರು. ಹಿಂದಿನ ಸೀಟುಗಳನ್ನು ಕುರ್ಚಿ, ಕಂಬ ತುಂಬುವುದಕ್ಕೆಂದು ಎಂದೋ ಕಿತ್ತಿದ್ದರು. ನಾಯಿಗಳಿಗೆ ಬೇಕಾದದ್ದೇ ಅದು. ಬಿಳಿಯ ಗಾಡಿ, ಎರಡೂ ಬದಿಗೆ ಕೆಂಪು ಅಕ್ಷರಗಳಲ್ಲಿ 'ಶಾಮಿಯಾನ, ಚೇರು, ಅಡಿಗೆ ಪಾತ್ರೆ ಬಾಡಿಗೆಗೆ ದೊರೆಯುತ್ತದೆ' ಎಂದು ಬರೆಸಿದ್ದರು, ಕೆಳಗೆ ಅವರ ಫೋನ್ ನಂಬರು.

"ಇದ್ರಲ್ಲಿ ಎಷ್ಟ್ ಶಾದಿ ಮಾಡ್ಸಿದೀನಿ ಅಕ್ಕಾ, ಲೆಕ್ಕಾನೇ ಇಲ್ಲ. ಒಂದ್ ದಿವ್ಸಾನೂ ಕೈ ಕೊಟ್ಟಿಲ್ಲ," ಎಂದರು ಸಾಹೇಬರು. ಓಡಿಸುವವರು ಯಾರೆಂದು ಕೇಳಿದರು. ನಾನು ಅಕ್ಕನ ಕಡೆ ತೋರಿಸಿದೆ. ಅವರು ಒಂದು ಗಳಿಗೆ ಅಕ್ಕನನ್ನು ನೋಡಿದರು, ಜೇಬಿನಿಂದ ಕೀಲಿ ತೆಗೆದು ಅವಳ ಕೈಗೇ ಕೊಟ್ಟು, "ಹೋಗಿ, ಒಂದ್ ರೌಂಡ್ ಹೊಡ್ದು ಬನ್ನಿ" ಎಂದು ಮತ್ತೆ ಕುರ್ಚಿಯಲ್ಲಿ ಕೂತರು. ಅಕ್ಕ ಬಜಾರಿನ ಇಕ್ಕಟ್ಟಿನಲ್ಲಿ ಹಣ್ಣಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಬಂದಳು. ನಾನು ಪಕ್ಕದಲ್ಲಿ ಸೀಟಿನ ಅಂಚು ಹಿಡಿದು ಕೂತಿದ್ದೆ. ಬಾಗಿಲು ತೆಗೆದು ಇಳಿಯುತ್ತಾ, "ಜೀಪಿಗಿಂತ ಹಗುರ ಐತಿ," ಎಂದಳು.

ಮುಂದಿನ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಕೋಗಿಲು ಕ್ರಾಸ್ ದಾಟಿ, ಯಲಹಂಕ ದಾಟಿ, ರಾಜಾನುಕುಂಟೆಯ ಆಚೆ ಒಂದು ಕಡೆ ಡಾಂಬರು ಬಿಟ್ಟು ಮಣ್ಣುದಾರಿಗೆ ಇಳಿದೆವು. ಎಲ್ಲಿಗೆ ಎಂದು ನಿಶ್ಚಯವಿರಲಿಲ್ಲ. ನೀಲಗಿರಿ ತೋಪು, ದ್ರಾಕ್ಷಿ ಚಪ್ಪರ, ಒಂದು ಸಣ್ಣ ಹಳ್ಳಿ. ಅದರ ಹಿಂದೆ ಕೆರೆಯ ಏರಿ ಕಂಡಿತು. ಅಕ್ಕ ವ್ಯಾನನ್ನು ಹುಣಸೆಮರದ ಕೆಳಗೆ ನಿಲ್ಲಿಸಿದಳು. ಕೆರೆಯಲ್ಲಿ ನೀರಿರಲಿಲ್ಲ. ಒಂದು ಮೂಲೆಯಲ್ಲಿ ಜೊಂಡು, ಉಳಿದ ಅಂಗಳವೆಲ್ಲ ಗಟ್ಟಿ ಮಣ್ಣು, ಚಿಕ್ಕ ಹುಲ್ಲು, ಆಚೆ ದಡದವರೆಗೆ ಒಂದು ಕಂಬವೂ ಇಲ್ಲ.

ಸಣ್ಣಾಕಿ ಇಳಿದವಳೇ ನೆಲ ಮೂಸುತ್ತಾ ತನ್ನ ಕೆಲಸ ಶುರುಮಾಡಿದಳು. ಗೇಟು ದಾಟಲು ಹೆದರುತ್ತಿದ್ದವಳು ಹತ್ತು ಹೆಜ್ಜೆಯಲ್ಲಿ ಹೆದರಿಕೆಯನ್ನು ಮರೆತಳು. ದೊಡ್ಡಾಕಿಯ ಹಗ್ಗ ಬಿಚ್ಚುವ ಮುಂಚೆ ಆಚೆ ದಡದವರೆಗೂ ಕಣ್ಣಾಡಿಸಿದೆ. ಎಲ್ಲಿಗಾದರೂ ಹೋಗಿಬಿಟ್ಟರೆ? ಅವಳು ಹೋಗಲಿಲ್ಲ. ಹಗ್ಗ ಬಿಚ್ಚಿದರೂ ಹಗ್ಗದ ಉದ್ದದಷ್ಟೇ ದೂರ ನಡೆದು ನಿಂತಳು. ತಿರುಗಿ ನನ್ನನ್ನು ನೋಡಿದಳು. ಅವಳಿಗೆ ತಿಳಿದಿದ್ದ ಲೋಕವೇ ಅಷ್ಟು.

"ಹೋಗಽ," ಎಂದಳು ಅಕ್ಕ ವ್ಯಾನಿನ ಬಾಗಿಲಲ್ಲಿ ಕೂತು.

ದೊಡ್ಡಾಕಿ ಇನ್ನೆರಡು ಹೆಜ್ಜೆ ಇಟ್ಟಳು. ಕಿವಿ ನಿಮಿರಿದವು. ಆಮೇಲೆ ಓಡಿದಳು. ಅದನ್ನು ನಾನು ಹೇಗೆ ಹೇಳಲಿ. ಮೈ ಮಡಚಿ, ಮೈ ಬಿಚ್ಚಿ, ನಾಲ್ಕೂ ಕಾಲು ನೆಲ ಬಿಟ್ಟು, ಆಚೆ ದಡ ಮುಟ್ಟಿ, ಬಿಲ್ಲಿನ ಹಾಗೆ ಬಾಗಿ ಹೊರಳಿ, ಜೊಂಡಿನ ಪಕ್ಕದಿಂದ ಕೊಕ್ಕರೆಗಳನ್ನು ಎಬ್ಬಿಸಿ, ಧೂಳೆಬ್ಬಿಸಿಕೊಂಡು ನಮ್ಮ ಮುಂದಿನಿಂದಲೇ ಹಾದು ಮತ್ತೆ ಹೋದಳು. ಸೋಫಾ ಸುತ್ತ ಸುತ್ತುತ್ತಿದ್ದವಳು ಇವಳೇನಾ ಎನಿಸಿತು. ಸಣ್ಣಾಕಿ ಕುಳ್ಳ ಕಾಲುಗಳಲ್ಲಿ ಹಿಂದೆ ಬಿದ್ದು, ಹಿಡಿಯಲಾಗದೆ, ನಡುವೆ ನಿಂತು ಬೊಗಳುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಆ ಅಂಗಳದಲ್ಲಿ ಗೊತ್ತುಗುರಿಯಿಲ್ಲದೆ ನಡೆದೆ. ಹುಲ್ಲಿನ ಇಬ್ಬನಿಗೆ ಪಾದ ತಣ್ಣಗಾದವು. ಯಾರೂ ಹಿಂದಿನಿಂದ ಹಾರ್ನ್ ಹೊಡೆಯಲಿಲ್ಲ. ಇಷ್ಟು ಸಣ್ಣ ಸಂತೋಷಕ್ಕೆ ಇಷ್ಟೆಲ್ಲಾ ಜನರ ಅಪ್ಪಣೆ ಕಾಯುತ್ತಾ ಕೂತಿದ್ದೆವಲ್ಲ ಎಂದು ನನ್ನ ಮೇಲೇ ರೇಗಿತು.

ಅಂದೇ ಒಂದು ಜಗಳವೂ ಆಯಿತು. ಏರಿಯ ಮೇಲೆ ಮೇಕೆಗಳನ್ನು ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. ಸಣ್ಣಾಕಿ ಬೊಗಳಿದ್ದಕ್ಕೆ ಮೇಕೆಗಳು ದಿಕ್ಕಾಪಾಲಾದವು. ಮುದುಕಿ ಕೋಲು ಎತ್ತಿದಳು. "ಯಾರವ್ವ ನೀವು? ಇಂಗೆ ನಾಯಿ ಬುಟ್ಕಂಡು ಬಂದ್ರೆ ಕಾಲ್ ಮುರ್ದಾಕ್ತೀನಿ."

ನಾನು ಕ್ಷಮೆ ಕೇಳುತ್ತಾ ನಾಯಿಗಳ ಹಿಂದೆ ಓಡಿದೆ. ಅಕ್ಕ ಕೂತಲ್ಲಿಂದಲೇ, "ನಾಯಿ ಹಿಡದು ಕಟ್ತೀವಿ ತಗೋ. ಮೇಕಿ ಯಾವ ಹೊತ್ತಿಗೆ ಈ ಕಡೆ ಬರ್ತಾವ, ಹೇಳು" ಎಂದಳು. ಮುದುಕಿಗೆ ಅಕ್ಕನ ಮಾತು ವಿಚಿತ್ರವೆನಿಸಿತು. ಹತ್ತಿರ ಬಂದು ಯಾವೂರು ಎಂದು ವಿಚಾರಿಸಿದಳು. ಮೇಕೆ, ಮಳೆ, ಮೊಣಕಾಲು ಎಂದು ಮಾತು ಬೆಳೆಯಿತು. ಅವಳಿಗೂ ಮೊಣಕಾಲು ನೋವಿತ್ತು. ಕೊನೆಗೆ ಒಪ್ಪಂದವಾಯಿತು. ಬಿಸಿಲು ಹುಣಸೆಮರ ದಾಟುವವರೆಗೆ ಕೆರೆ ಅಂಗಳ ನಮ್ಮದು, ಆಮೇಲೆ ಮೇಕೆಗಳದ್ದು. ಲಿಫ್ಟಿನ ವಿಷಯಕ್ಕೆ ನಮ್ಮ ಅಪಾರ್ಟ್‌ಮೆಂಟಿನವರು ತಿಂಗಳುಗಟ್ಟಲೆ ಮಾಡಲಾಗದ್ದನ್ನು ಇವರಿಬ್ಬರು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಸಿದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ, ರಜೆಯಿದ್ದ ದಿನವೆಲ್ಲ ಹೋದೆವು. ನಾನೂ ನಾಯಿಗಳೂ ಏರಿ ಸುತ್ತಿ, ನೀಲಗಿರಿ ತೋಪಿನೊಳಗಿಂದ ಹಾದು, ಬಂಡೆಯ ದಿಣ್ಣೆ ಹತ್ತಿ ಇಳಿದು ಬರುವಷ್ಟರಲ್ಲಿ ಅಕ್ಕ ವ್ಯಾನಿನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹತ್ತಿರದ ಹೊಲದವರು ಕಾಯಿ ಕೊಡುತ್ತಿದ್ದರು. ರಾಗಿ ತೆನೆ ಕಟ್ಟಿದ ಕಾಲ, ಕೊಯ್ದು ಮೆದೆ ಹಾಕಿದ ಕಾಲ, ನೆಲ ಬಿರಿದ ಕಾಲ, ಮೊದಲ ಮಳೆಗೆ ಕೆಂಪು ಹುಳುಗಳು ಹೊರಟ ಕಾಲ ಎಲ್ಲವನ್ನೂ ಆ ದಾರಿಯಲ್ಲಿ ನಡೆದು ನೋಡಿದೆ. ಲೈಬ್ರರಿಯ ಟ್ಯೂಬ್‌ಲೈಟಿನ ಕೆಳಗೆ ವಾರವೆಲ್ಲ ಒಂದೇ ಋತು. ದೊಡ್ಡಾಕಿಯ ಮುಂಗಾಲಿನ ಹುಣ್ಣು ಒಣಗಿ ಕೂದಲು ಬಂತು. ಮುದುಕಿ ಒಮ್ಮೆ ತಾನೇ ಕೂಗಿ, "ನವಿಲು ಬಿದ್ದು ಉರುಳಿಯೆಲ್ಲ ತಿಂದಾಕ್ತಾವೆ, ಒಸಿ ನಾಯಿ ಬುಡವ್ವ" ಎಂದಳು. ನವಿಲಿನ ಮೇಲೆ ನಾಯಿ ಬಿಡುವುದಿಲ್ಲ ಎಂದೆ. ಹಗ್ಗ ಹಿಡಿದುಕೊಂಡೇ ಅವಳ ಹುರುಳಿ ಹೊಲದ ಬದುವಿನ ಮೇಲೆ ಸಣ್ಣಾಕಿಯನ್ನು ಒಂದು ಸುತ್ತು ಬೊಗಳಿಸಿಕೊಂಡು ಬಂದೆ. ನವಿಲುಗಳು ಪಕ್ಕದ ಹೊಲಕ್ಕೆ ಹಾರಿದವು. ಪಕ್ಕದ ಹೊಲದವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಅಸೋಸಿಯೇಷನ್ನಿನವರ ಕಣ್ಣಿಗೆ ಈಗ ವ್ಯಾನು ಬಿತ್ತು. ಗುಂಪಿನಲ್ಲಿ ನಮ್ಮ ಪಾರ್ಕಿಂಗಿನ ಫೋಟೋ ಬಂತು. ಬೇಸ್‌ಮೆಂಟಿನಲ್ಲಿ ವ್ಯಾಪಾರದ ಗಾಡಿ ನಿಲ್ಲಿಸುವಂತಿಲ್ಲ, ಟೈರಿನ ಮಣ್ಣು ಬೀಳುತ್ತಿದೆ, ನಾಯಿಯ ವಾಸನೆ, ಬಂದ ಅತಿಥಿಗಳು ಶಾಮಿಯಾನದವರು ಇಲ್ಲೇ ಇರುತ್ತಾರಾ ಎಂದು ಕೇಳುತ್ತಿದ್ದಾರೆ. ನಾವು ಮೊದಲಿನಿಂದಲೂ ಕಸದ ಲಿಫ್ಟನ್ನು ಬಿಟ್ಟು ಎಲ್ಲರ ಲಿಫ್ಟಿನಲ್ಲೇ ಹತ್ತಿ ಇಳಿಯುತ್ತಿದ್ದೆವು. ಆ ಕಡತವೂ ತೆರೆಯಿತು. ಭಾನುವಾರ ಹನ್ನೊಂದಕ್ಕೆ ಮೀಟಿಂಗಿಗೆ ಬರಬೇಕೆಂದರು.

ಕೆರೆಯಿಂದ ನೇರವಾಗಿ ಮೀಟಿಂಗಿಗೆ ಹೋದೆವು. ನನ್ನ ಕಾಲಲ್ಲಿ ಕೆಸರು, ಸೀರೆಯ ನೆರಿಗೆಗೆ ಅಂಟಿಕೊಂಡ ಹುಲ್ಲಿನ ಮುಳ್ಳು. ಸೆಕ್ರೆಟರಿ ಒಂಬತ್ತನೇ ಮಹಡಿಯವರು, ದಿನಾ ಬೆಳಿಗ್ಗೆ ಬ್ಯಾಡ್ಮಿಂಟನ್ ಆಡುವವರು, ಮಾತಿನಲ್ಲಿ ಬಹಳ ಮರ್ಯಾದೆ. "ಮೇಡಂ, ನಿಮ್ ಮೇಲೆ ಪರ್ಸನಲ್ ಆಗಿ ಏನೂ ಇಲ್ಲ. ರೂಲ್ಸ್ ಅಂದ್ರೆ ಎಲ್ಲಾರ್ಗೂ ಒಂದೇ ಅಲ್ವಾ? ಗಾಡಿಗೆ ಪೇಂಟ್ ಹೊಡಿಸ್ಬಿಡಿ. ನಾಯಿಗಳನ್ನ ಸರ್ವಿಸ್ ಲಿಫ್ಟಲ್ಲಿ ಕರ್ಕೊಂಡ್ಹೋಗಿ. ಅಷ್ಟೇ."

ಅದು ವ್ಯಾಪಾರದ ಗಾಡಿಯಲ್ಲ, ನನ್ನ ಹೆಸರಿನಲ್ಲಿರುವ ಸ್ವಂತ ಗಾಡಿ ಎಂದೆ. ನಾಯಿ ಸಾಕಬಾರದೆಂದು ಮನೆ ಮಾರುವಾಗ ಯಾರೂ ಹೇಳಿರಲಿಲ್ಲ ಎಂದೆ. ಇನ್ನೂ ಏನೇನೋ ಓದಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಅಕ್ಕ ಎದ್ದಳು. ಅವಳು ಈ ಸಭೆಗಳಲ್ಲಿ ಎಂದೂ ಮಾತಾಡಿದವಳಲ್ಲ. ಅವಳ ಮಾತಿನ ಧಾಟಿಗೆ ಇಲ್ಲಿನ ಕೆಲವರು ನಗುತ್ತಾರೆಂದು ಅವಳಿಗೆ ಗೊತ್ತು.

"ಆ ಕಸದ ಲಿಫ್ಟ್ ನಾಕನೇ ಮಹಡಿ ತನಕ ಅಷ್ಟ ಬರ್ತೈತಿ," ಎಂದಳು. "ಅಲ್ಲಿಂದ ಎರಡ ಮಹಡಿ ನಾ ಮೆಟ್ಟಲ ಹತ್ತಬೇಕು. ನನ್ನ ಮೊಣಕಾಲು ನೋಡ್ರಿ."

ನಿಜವಾಗಿ ಆ ಲಿಫ್ಟು ಕೆಟ್ಟು, ನಾಲ್ಕರಿಂದ ಮೇಲೆ ಹತ್ತದೆ ಬಹಳ ದಿನವಾಗಿತ್ತು. ನಿಯಮ ಮಾಡಿದವರಲ್ಲಿ ಯಾರೂ ಅದನ್ನು ಹತ್ತಿ ನೋಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಹೆಂಗಸು, "ನಾಕನೇ ಮಹಡಿ ಅಷ್ಟ" ಎಂದು ಅಕ್ಕನ ಧಾಟಿಯಲ್ಲೇ ಮೆಲ್ಲಗೆ ಹೇಳಿ ನಕ್ಕರು. ಅಕ್ಕ ಅವರ ಕಡೆ ತಿರುಗಿದಳು. "ನಗ್ರಿ. ನಮ್ಮ ಮಾತು ನಿಮಗ ನಗಿ ಬರೂ ಹಂಗ ಐತಿ, ಇರಲಿ. ಆದ್ರ ನಾ ನಾಳೆ ಮುಂಜಾನೆ ಎಲ್ಲಾರೂ ಹತ್ತೂ ಲಿಫ್ಟಿನ್ಯಾಗ ಇಳೀತೀನಿ. ನಾಯಿನೂ ಇಳೀತಾವ. ಗಾಡಿ ಅಲ್ಲೇ ನಿಲ್ಲತೈತಿ. ಟೈರಿನ ಮಣ್ಣು ನಾವ ಗುಡಿಸ್ತೀವಿ, ಅದು ನಮ್ಮ ಕೆಲಸ. ಬಾಕಿದ್ದು ಏನ್ ಬರಕೊಳ್ಳತೀರಿ ಬರಕೊಳ್ರಿ." ಹೀಗೆಂದು ನನ್ನ ಭುಜ ಹಿಡಿದುಕೊಂಡು ಹೊರಗೆ ನಡೆದಳು.

ನಾವು ಹೋದ ಮೇಲೆ ಅವರು ನಿರ್ಣಯ ಮಾಡಿದರು, ದಂಡವನ್ನೂ ಗೊತ್ತುಮಾಡಿದರು. ಆ ರಾತ್ರಿ ನನಗೆ ಅಳುಕು. ದಿನಾ ಮುಖ ನೋಡುವ ಜನ. "ಒಂದಿಷ್ಟು ದಿನ ಆ ಲಿಫ್ಟು ಬಿಟ್ಟುಬಿಡೋಣವಾ?" ಎಂದೆ. ಅಕ್ಕ ನಾಯಿಗಳ ಹಗ್ಗಗಳನ್ನು ತಂದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಮಲಗಲು ಹೋದಳು.

ಮರುದಿನ ಬೆಳಿಗ್ಗೆ ನಾಯಿಗಳನ್ನು ಕರೆದುಕೊಂಡು ಲಿಫ್ಟಿನ ಗುಂಡಿ ಒತ್ತಿದೆವು. ಬಾಗಿಲು ತೆರೆಯಿತು. ಒಳಗೆ ಸೆಕ್ರೆಟರಿ ಒಬ್ಬರೇ, ಹೆಗಲಲ್ಲಿ ಬ್ಯಾಡ್ಮಿಂಟನ್ ಚೀಲ. ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು. ಬಾಗಿಲು ಮುಚ್ಚಿಕೊಳ್ಳಲು ಹೊರಟಿತು. ಅಕ್ಕ ಕೈ ಅಡ್ಡ ಹಿಡಿದಳು.

"ಒಂಚೂರು ಸರೀರಿ," ಎಂದಳು.

ಅವರು ಸರಿದರು. ಮೊದಲು ಸಣ್ಣಾಕಿ ಹೋಗಿ ಮೂಲೆಯಲ್ಲಿ ಕೂತಳು. ದೊಡ್ಡಾಕಿ ಒಳಗೆ ಬಂದು, ಉದ್ದ ಮೂತಿಯನ್ನು ಅವರ ಚೀಲದ ಹತ್ತಿರ ತಂದು, ಒಮ್ಮೆ ಮೂಸಿ, ಆಸಕ್ತಿ ಕಳೆದುಕೊಂಡು ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಾ ನಿಂತಳು. ಆರು ಮಹಡಿಯೂ ಅವರು ಚೀಲವನ್ನು ಎದೆಗೆ ಎಳೆದುಕೊಂಡು ಅವಳನ್ನೇ ನೋಡುತ್ತಿದ್ದರು. ಕೆಳಗೆ ಬಾಗಿಲು ತೆರೆದಾಗ ಅವರು ಮೊದಲು ನಮಗೇ ದಾರಿ ಬಿಟ್ಟರು. ಹಿಂದಿನಿಂದ, ತಡೆದು ತಡೆದು, "ಕಚ್ಚಲ್ಲ ಅಲ್ವಾ?" ಎಂದು ಕೇಳಿದರು. "ಇಷ್ಟ ಹೊತ್ತು ನೋಡಿದ್ರಲ್ಲ," ಎಂದಳು ಅಕ್ಕ.

ಆ ತಿಂಗಳ ಮೆಂಟೆನೆನ್ಸ್ ಬಿಲ್ಲಿನಲ್ಲಿ ದಂಡ ಸೇರಿಸಿ ಕಳಿಸಿದರು. ಅದನ್ನು ಬಿಟ್ಟು ಉಳಿದದ್ದನ್ನು ಕಟ್ಟಿದೆ. ಮುಂದಿನ ತಿಂಗಳೂ ಹಾಗೆಯೇ. ಆಮೇಲೆ ಅವರು ಕೇಳುವುದನ್ನು ಬಿಟ್ಟರು. ನಿಯಮವನ್ನೇನೂ ತೆಗೆದುಹಾಕಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಅದು ಹಳದಿಯಾಗುತ್ತಾ ಇದೆ, ನಾವು ಅದರ ಮುಂದೆಯೇ ಹಾದುಹೋಗುತ್ತೇವೆ.

ಗಾಡಿಗೆ ಪೇಂಟ್ ಹೊಡೆಸಿದೆವು. ಅದೂ ಅಕ್ಕನದೇ ಯೋಚನೆ. ಯಶವಂತಪುರದಲ್ಲಿ ಲಾರಿಗಳಿಗೆ ಅಕ್ಷರ ಬರೆಯುವವರೊಬ್ಬರ ಹತ್ತಿರ ವ್ಯಾನು ಒಯ್ದು ನಿಲ್ಲಿಸಿದಳು. "ಏನ್ ಬರೀಬೇಕಮ್ಮ?" ಎಂದು ಅವರು ಕೇಳಿದರು. "ಇದ್ದದ್ದ ಬರೀರಿ. ಮಾಸ್ಯಾವ, ಎದ್ದು ಕಾಣೂ ಹಂಗ ತಿದ್ರಿ," ಎಂದಳು. ಶಾಮಿಯಾನ, ಚೇರು, ಅಡಿಗೆ ಪಾತ್ರೆ ಮೂರೂ ಹೊಸ ಕೆಂಪಿನಲ್ಲಿ ಹೊಳೆಯತೊಡಗಿದವು. ಸಾಹೇಬರ ಫೋನ್ ನಂಬರನ್ನೂ ತಿದ್ದಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗ ಜನ ಗಾಜು ತಟ್ಟಿ, ಗೃಹಪ್ರವೇಶಕ್ಕೆ ಐವತ್ತು ಕುರ್ಚಿ ಸಿಗುತ್ತದಾ ಎಂದು ಕೇಳುತ್ತಾರೆ. ಹಿಂದಿನಿಂದ ದೊಡ್ಡಾಕಿಯ ಮುಖ ಕಂಡು ಹಿಂದೆ ಸರಿಯುತ್ತಾರೆ. ಅಕ್ಕ ಬದಿಯ ನಂಬರು ತೋರಿಸಿ, "ಅವರಿಗೆ ಫೋನ್ ಮಾಡ್ರಿ, ಚಲೋ ಮಂದಿ" ಎನ್ನುತ್ತಾಳೆ. ಸಾಹೇಬರು ಒಮ್ಮೆ ಫೋನ್ ಮಾಡಿ, ನಿಮ್ಮಿಂದ ನನಗೆ ಇಷ್ಟು ಆರ್ಡರ್ ಬಂದವು, ಬಿರಿಯಾನಿ ತಿನ್ನಲು ಬನ್ನಿ ಎಂದು ಕರೆದರು. ಹೋಗಿ ಬಂದೆವು. ನಾಯಿಗಳಿಗೂ ಮೂಳೆ ಕಟ್ಟಿಕೊಟ್ಟರು.

ಈ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಕೆಲವು ವಾರ ಹೋಗಲಾಗಲಿಲ್ಲ. ಮಳೆ ಬಿಟ್ಟ ಮೇಲೆ ಹೋದರೆ ಕೆರೆ ತುಂಬಿತ್ತು. ದೊಡ್ಡಾಕಿ ಓಡುತ್ತಿದ್ದ ಅಂಗಳವೆಲ್ಲ ನೀರು, ನಡುವೆ ಬಾತುಕೋಳಿಗಳು. ಅವಳು ದಡದಲ್ಲಿ ನಿಂತು ಒಂದು ಕಾಲು ನೀರಿಗೆ ಅದ್ದಿ, ಒದ್ದೆಯಾದದ್ದಕ್ಕೆ ಬೇಸರಪಟ್ಟುಕೊಂಡು ನನ್ನ ಮುಖ ನೋಡಿದಳು. ಸಣ್ಣಾಕಿ ಮಾತ್ರ ಧುಮುಕಿ ಈಜಿ ಬಂದು ನಮ್ಮೆಲ್ಲರ ಮೇಲೆ ಮೈ ಕೊಡವಿದಳು. ಏರಿಯ ಆಚೆಯ ರಾಗಿ ಹೊಲದಲ್ಲಿ ಹೊಸದಾಗಿ ಕಲ್ಲು ನೆಟ್ಟಿದ್ದರು, ತಲೆಗೆ ಬಿಳಿ ಸುಣ್ಣ. ಆ ಕಲ್ಲುಗಳ ಅರ್ಥ ನಮಗೆ ಗೊತ್ತು. ನಮ್ಮ ಮನೆಯ ಹಿಂದಿನ ಹುರುಳಿ ಹೊಲದಲ್ಲೂ ಮೊದಲು ಬಂದದ್ದು ಅವೇ.

ಮುದುಕಿ ಮೇಕೆಗಳ ಜೊತೆ ಏರಿಯ ಮೇಲೆ ಕೂತಿದ್ದಳು. ಇಲ್ಲೂ ಒಂದು ಗೇಟು, ಇಲ್ಲೂ ಒಂದು ಬೋರ್ಡು ಬರುತ್ತದೆ ಎಂದೆ. ಅಕ್ಕ ಕಲ್ಲುಗಳನ್ನು ನೋಡಿದಳು, ಹೆಚ್ಚು ಹೊತ್ತು ನೋಡಲಿಲ್ಲ.

"ಆ ದಿಣ್ಣಿ ಆಚೆ ಏನೈತಿ?" ಎಂದು ಮುದುಕಿಯನ್ನು ಕೇಳಿದಳು.

"ಉಲ್ಲುಗಾವ್ಲು ಅದೆ. ಅದ್ರ ಆಚೆ ಇನ್ನೊಂದು ಕುಂಟೆ."

"ಗಾಡಿ ಹೋಗ್ತೈತೇನು?"

"ಓಯ್ತದೆ. ಒಸಿ ಕುಲುಕ್ತದೆ ಅಷ್ಟೇಯ."

ಅಕ್ಕ ಕೈ ಚಾಚಿ ದೊಡ್ಡಾಕಿಯ ಹಗ್ಗವನ್ನು ನನ್ನಿಂದ ತೆಗೆದುಕೊಂಡಳು. ಏರಿಯ ಮೇಲೆ ಕೆರೆಯ ತೂಬಿನವರೆಗೆ ನಿಧಾನವಾಗಿ ನಡೆದು ಹೋಗಿ, ಅಲ್ಲಿ ಒಂದಿಷ್ಟು ನಿಂತು ನೀರು ನೋಡಿ, ನಿಧಾನವಾಗಿ ವಾಪಸು ಬಂದಳು. ದೊಡ್ಡಾಕಿ ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಹಗ್ಗವನ್ನು ಒಮ್ಮೆಯೂ ಎಳೆಯದೆ ನಡೆದಳು. ಅಕ್ಕ ವ್ಯಾನಿನ ಬಾಗಿಲು ತೆರೆದು ನಾಯಿಗಳನ್ನು ಹತ್ತಿಸಿದಳು. ತನ್ನ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಕೂತಳು. ನಾನು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಳ್ಳುವ ಮೊದಲೇ ಗಾಡಿ ದಿಣ್ಣೆಯ ಕಡೆ ತಿರುಗಿತ್ತು.